ಬ್ರೌಸರ್ ತಾನಾಗಿ ಬದಲಾಗುವುದಿಲ್ಲ: ಮನೆ ಕಂಪ್ಯೂಟರಿನ ಸರ್ಚ್ ಪೆಟ್ಟಿಗೆಯ ಹಿಂದೆ ಬಿದ್ದವರು ಯಾರು?

2025ರ ಮಧ್ಯದಿಂದ ಈಚೆಗೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದರ ಮೇಲೊಂದು ಎಚ್ಚರಿಕೆ ಬರುತ್ತಿವೆ. ಕ್ರೋಮ್ ತೆರೆದರೆ, ನೀವು ಹಾಕಿಕೊಂಡಿದ್ದ ಎಕ್ಸ್‌ಟೆನ್ಶನ್‌ಗೆ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಇನ್ನು ಬೆಂಬಲ ಇಲ್ಲ, ಅದನ್ನು ನಿಲ್ಲಿಸಲಾಗಿದೆ ಅಂತ ಒಂದು. ವಿಂಡೋಸ್ 10 ಇದ್ದರೆ ಅದರ ಅವಧಿ ಮುಗಿಯಿತು ಅಂತ ಪರದೆ ತುಂಬ ಇನ್ನೊಂದು. ಇವೆರಡರ ನಡುವೆ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಮೂರನೆಯದು: ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ, ಈಗಲೇ ಒತ್ತಿ.

ಮೊದಲ ಎರಡು ನಿಜ. ಮೂರನೆಯದು ಶುದ್ಧ ಸುಳ್ಳು. ಆದರೆ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ ಅಲ್ವಾ? ಅಲ್ಲಿಂದಲೇ ಗೊಂದಲ ಶುರು. ನಿಜವಾದ ಸಂದೇಶಕ್ಕೆ ಹೆದರಿ ಜನ ಅದನ್ನು ಮುಚ್ಚುತ್ತಾರೆ, ಸುಳ್ಳು ಸಂದೇಶವನ್ನು ನಂಬಿ ಒತ್ತುತ್ತಾರೆ. ಆಮೇಲೆ ಒಂದು ದಿನ ಬ್ರೌಸರಿನ ಮೊದಲ ಪುಟ ಬದಲಾಗಿರುತ್ತದೆ, ಗೂಗಲ್‌ನಲ್ಲಿ ಹುಡುಕಿದ್ದು ಇನ್ನೆಲ್ಲೋ ಹೋಗಿ ತೆರೆದುಕೊಳ್ಳುತ್ತದೆ, ಮೇಲೆ ಯಾರೂ ಕೇಳದ ಒಂದು ಪಟ್ಟಿ ಬಂದು ಕುಳಿತಿರುತ್ತದೆ. ಬೆಳಗಾವಿ ಇರಲಿ, ಬಾಗಲಕೋಟೆಯ ನವನಗರ ಇರಲಿ, ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಹೊಡೀಬೇಕ್ರಿ, ಬೇರೆ ದಾರಿ ಇಲ್ಲ."

ಬೇರೆ ದಾರಿ ಇದೆ. ಅದು ತಿಳಿಯಬೇಕಾದರೆ ಇದನ್ನೆಲ್ಲ ಮಾಡುವವರಿಗೆ ಏನು ಸಿಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಸರ್ಚ್ ಪೆಟ್ಟಿಗೆಯಲ್ಲಿ ದುಡ್ಡಿದೆ

2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಸರ್ಚ್ ವಿಷಯದಲ್ಲಿ ಗೂಗಲ್ ಏಕಸ್ವಾಮ್ಯ ಕಾನೂನು ಮುರಿದಿದೆ ಎಂದು ತೀರ್ಪು ಕೊಟ್ಟರು. ಆ ಕೇಸಿನಲ್ಲಿ ಹೊರಬಿದ್ದ ಒಂದು ಲೆಕ್ಕ ಎಲ್ಲರ ಕಣ್ಣು ತೆರೆಸಿತು. ಆಪಲ್‌ನ ಸಫಾರಿ ಬ್ರೌಸರಿನಲ್ಲಿ ಗೂಗಲ್ಲೇ ಮೊದಲ ಸರ್ಚ್ ಆಗಿರಲಿ ಅಂತ 2022ರ ಒಂದೇ ವರ್ಷದಲ್ಲಿ ಗೂಗಲ್ ಕೊಟ್ಟದ್ದು ಸುಮಾರು 2,000 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್. 2025ರ ಸೆಪ್ಟೆಂಬರಿನಲ್ಲಿ ಬಂದ ಮುಂದಿನ ಆದೇಶದಲ್ಲಿ, ಗೂಗಲ್ ತನ್ನ ಕ್ರೋಮ್ ಬ್ರೌಸರ್ ಮಾರಬೇಕಾಗಿಲ್ಲ, ಬೇರೆಯವರಿಗೆ ಜಾಗ ಇಲ್ಲದಂಥ ಒಪ್ಪಂದ ಮಾತ್ರ ಮಾಡಿಕೊಳ್ಳುವಂತಿಲ್ಲ ಎಂದಾಯಿತು. ಮೊದಲ ಸ್ಥಾನಕ್ಕೆ ದುಡ್ಡು ಕೊಡುವುದು ನಿಲ್ಲಲಿಲ್ಲ.

ಕಂಪ್ಯೂಟರಿನಲ್ಲಿ ಯಾವ ಸರ್ಚ್ ಮೊದಲು ತೆರೆಯುತ್ತದೋ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಬದಲಾಯಿಸಲು ಹೋಗುವವರು ಕಡಿಮೆ. ಹಾಗಾಗಿ ಆ ಜಾಗಕ್ಕೆ ಅಷ್ಟು ಬೆಲೆ. ದೊಡ್ಡ ಕಂಪನಿಗಳು ಒಪ್ಪಂದ ಮಾಡಿಕೊಂಡು ಆ ಜಾಗ ಹಿಡಿದರೆ, ಸಣ್ಣ ಕಳ್ಳರು ನಿಮ್ಮ ಸೆಟ್ಟಿಂಗ್ ತಿದ್ದಿ ಹಿಡಿಯುತ್ತಾರೆ.

ಅದು ನಡೆಯುವುದು ಹೀಗೆ. ನೀವು "ಪಿಯುಸಿ ಫಲಿತಾಂಶ" ಅಂತ ಟೈಪ್ ಮಾಡಿದಿರಿ. ಆ ಪದ ಮೊದಲು ಯಾವುದೋ ಹೆಸರಿಲ್ಲದ ವಿಳಾಸಕ್ಕೆ ಹೋಗುತ್ತದೆ. ಅಲ್ಲಿಂದ ಒಂದೆರಡು ಜಿಗಿತದಲ್ಲಿ ಯಾಹೂ ಅಥವಾ ಬಿಂಗ್‌ಗೆ ಬಂದು ಬೀಳುತ್ತದೆ. ಫಲಿತಾಂಶ ಸರಿಯಾಗೇ ಕಾಣುತ್ತದೆ, ಆದರೆ ಮೇಲಿನ ಸಾಲುಗಳಲ್ಲಿ ಜಾಹೀರಾತು ಜಾಸ್ತಿ. ನೀವು ಒತ್ತಿದ ಪ್ರತಿ ಜಾಹೀರಾತಿಗೆ ನಡುವಿನವನಿಗೆ ಪಾಲು. ಎಪಿಎಂಸಿಯಲ್ಲಿ ಅಡತ ಅಂಗಡಿಯವರು ಪ್ರತಿ ಚೀಲಕ್ಕೆ ಕಮಿಷನ್ ಹಿಡಿಯುವ ಹಾಗೆ, ಇಲ್ಲಿ ಪ್ರತಿ ಹುಡುಕಾಟಕ್ಕೆ ಹಿಡಿಯುತ್ತಾರೆ. ಅಡತ ಅಂಗಡಿಗೆ ಲೈಸೆನ್ಸ್ ಇರುತ್ತದೆ, ಇವರಿಗೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಂಪ್ಯೂಟರ್ ಕೆಟ್ಟು ನಿಂತರೆ ಇವರ ಗಳಿಕೆಯೂ ನಿಂತಂತೆ. ಆದ್ದರಿಂದ ಇವರು ಫೈಲ್ ಅಳಿಸುವುದಿಲ್ಲ, ಯಂತ್ರ ನಿಲ್ಲಿಸುವುದಿಲ್ಲ. ನೀವು ದಿನಾ ಬಳಸುತ್ತಿರಬೇಕು, ಬದಲಾದದ್ದು ಗೊತ್ತಾದರೂ ಸುಮ್ನೆ ಬಿಟ್ಟುಬಿಡಬೇಕು. ಅವರಿಗೆ ಬೇಕಾದದ್ದು ಅದೇ.

ಒಳಗೆ ಬರುವ ಬಾಗಿಲು

ಹಿಂದೆ ಟೂಲ್‌ಬಾರ್‌ಗಳ, ಅಂದರೆ ಬ್ರೌಸರಿನ ಮೇಲೆ ಬಂದು ಕೂರುವ ಪಟ್ಟಿಗಳ ಕಾಲ ಇತ್ತು. ಆಸ್ಕ್, ಬ್ಯಾಬಿಲಾನ್, ಕಂಡ್ಯೂಟ್ ಅನ್ನುವ ಹೆಸರುಗಳು ಆಗಿನ ಕಂಪ್ಯೂಟರ್ ಬಳಸಿದವರಿಗೆ ನೆನಪಿರುತ್ತವೆ. ಒರಾಕಲ್‌ನಂಥ ದೊಡ್ಡ ಕಂಪನಿಯೇ ಜಾವಾ ಜೊತೆ ಆಸ್ಕ್ ಟೂಲ್‌ಬಾರ್ ಕೊಡುತ್ತಿತ್ತು, ಟಿಕ್ ಮೊದಲೇ ಹಾಕಿ. 2015ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡದ ಸಾಫ್ಟ್‌ವೇರ್ ಪಟ್ಟಿಗೆ ಸೇರಿಸಿತು. ಪಟ್ಟಿಗಳು ಮರೆಯಾದವು, ಧಂದೆ ಮಾತ್ರ ಎಕ್ಸ್‌ಟೆನ್ಶನ್, ನೋಟಿಫಿಕೇಶನ್ ಮತ್ತು ಉಚಿತ ಪಿಡಿಎಫ್ ಸಾಫ್ಟ್‌ವೇರ್‌ಗಳಿಗೆ ದಾಟಿತು.

ನಮ್ಮ ಕಡೆ ಈ ಪಿಡಿಎಫ್ ಬಾಗಿಲೇ ದೊಡ್ಡದು. ಸಿಇಟಿ ಅರ್ಜಿ, ಸ್ಕಾಲರ್‌ಶಿಪ್, ಸೇವಾಸಿಂಧು, ನೌಕರಿ ಅರ್ಜಿ, ಎಲ್ಲದಕ್ಕೂ ಫೋಟೋ ಇಷ್ಟು ಕೆಬಿ ಒಳಗೆ ಇರಬೇಕು, ಅಂಕಪಟ್ಟಿ ಪಿಡಿಎಫ್ ಆಗಿರಬೇಕು. ಕೊನೆಯ ದಿನ ರಾತ್ರಿ ಮನೆಯಲ್ಲಿ ಕೂತು "ಫೋಟೋ ಟು ಪಿಡಿಎಫ್ ಫ್ರೀ" ಅಂತ ಹುಡುಕುತ್ತಾರೆ. ಮೇಲೆ ಬರುವುದು ಜಾಹೀರಾತು. ಒತ್ತಿದರೆ ಒಂದು ಇನ್‌ಸ್ಟಾಲರ್ ಇಳಿಯುತ್ತದೆ.

ಆ ಇನ್‌ಸ್ಟಾಲರಿನ ಕಿಟಕಿಯನ್ನು ಒಮ್ಮೆ ಗಮನಿಸಿ ನೋಡಿ. ಎರಡು ಆಯ್ಕೆ ಇರುತ್ತವೆ. "ಎಕ್ಸ್‌ಪ್ರೆಸ್, ಶಿಫಾರಸು ಮಾಡಿದ್ದು" ಅನ್ನುವುದು ದಪ್ಪ ಅಕ್ಷರದಲ್ಲಿ, ಮೊದಲೇ ಆಯ್ಕೆಯಾಗಿ. "ಕಸ್ಟಮ್" ಅನ್ನುವುದು ಬೂದು ಬಣ್ಣದಲ್ಲಿ, ಒತ್ತಲು ಬರುವುದೇ ಇಲ್ಲವೇನೋ ಅನ್ನುವ ಹಾಗೆ. ಕಸ್ಟಮ್ ಒತ್ತಿದರೆ ಮಾತ್ರ ಕೆಳಗೆ ಸಣ್ಣ ಟಿಕ್‌ಗಳು ಕಾಣುತ್ತವೆ: ಹೋಮ್‌ಪೇಜ್ ಬದಲಾಯಿಸು, ಸರ್ಚ್ ಬದಲಾಯಿಸು, ಜೊತೆಗೆ ಇನ್ನೊಂದು ಕ್ಲೀನರ್ ಹಾಕು. ಮುಂದಿನ ಕಿಟಕಿಯಲ್ಲಿ ಹಸಿರು ಬಣ್ಣದ "ಅಕ್ಸೆಪ್ಟ್" ದೊಡ್ಡದಾಗಿ, "ಡಿಕ್ಲೈನ್" ಮೂಲೆಯಲ್ಲಿ ಬರೀ ಅಕ್ಷರವಾಗಿ. ಡಿಕ್ಲೈನ್ ಒತ್ತಿದರೆ ಬೇಕಾದ ಸಾಫ್ಟ್‌ವೇರೇ ಬರುವುದಿಲ್ಲವೇನೋ ಅಂತ ಎಲ್ಲರಿಗೂ ಅನ್ನಿಸುತ್ತದೆ. ಸಾಮಾನ್ಯವಾಗಿ ಬರುತ್ತದೆ.

ಇದು ಬರೀ ಜಾಹೀರಾತಿನ ಕಿರಿಕಿರಿಗೆ ನಿಲ್ಲುವುದಿಲ್ಲ ಅನ್ನುವುದಕ್ಕೆ 2025ರಲ್ಲಿ ಸಾಕ್ಷಿ ಸಿಕ್ಕಿತು. ಆಪ್‌ಸೂಟ್ ಪಿಡಿಎಫ್ ಎಡಿಟರ್ ಅನ್ನುವ ಉಚಿತ ಸಾಫ್ಟ್‌ವೇರ್ ಜಾಹೀರಾತಿನ ಮೂಲಕ ಜೂನ್ ಕೊನೆಯಿಂದ ಹರಡಿತು. ವಾರಗಟ್ಟಲೆ ಅದು ಸಾಮಾನ್ಯ ಪಿಡಿಎಫ್ ಸಾಫ್ಟ್‌ವೇರಿನಂತೆಯೇ ಇತ್ತು. ಆಗಸ್ಟ್‌ನಲ್ಲಿ ಒಂದು ಅಪ್‌ಡೇಟ್ ಬಂತು, ಅಂದಿನಿಂದ ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಮತ್ತು ಕುಕೀಗಳನ್ನು (ನೀವು ಲಾಗಿನ್ ಆಗಿದ್ದೀರಿ ಅನ್ನುವುದನ್ನು ಸೈಟುಗಳು ಗುರುತಿಟ್ಟುಕೊಳ್ಳುವ ಸಣ್ಣ ಫೈಲುಗಳು) ಕದಿಯತೊಡಗಿತು. ಹಾಕಿಕೊಂಡ ದಿನ ಸರಿಯಾಗಿತ್ತು ಅನ್ನುವುದು ಇನ್ನು ಸಮಾಧಾನದ ಮಾತಲ್ಲ.

ದುಃಖದ ಸಂಗತಿ ಏನೆಂದರೆ ಈ ಕೆಲಸಕ್ಕೆ ಹೊರಗಿನ ಸಾಫ್ಟ್‌ವೇರ್ ಬೇಕಾಗೇ ಇಲ್ಲ. ವಿಂಡೋಸ್ 10, 11 ಎರಡರಲ್ಲೂ ಫೋಟೋ ತೆರೆದು ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಆರಿಸಿದರೆ ಪಿಡಿಎಫ್ ಆಗುತ್ತದೆ. ಫೋಟೋ ಸಣ್ಣದು ಮಾಡಲು ಪೇಂಟ್‌ನಲ್ಲಿ ರೀಸೈಜ್ ಮಾಡಿ ಜೆಪೆಗ್ ಆಗಿ ಉಳಿಸಿದರೆ ಸಾಕು. ಕನ್ನಡ ಟೈಪ್ ಮಾಡಲು ಫೊನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸ್‌ನಲ್ಲೇ ಇದೆ. ಇಷ್ಟು ಗೊತ್ತಿದ್ದರೆ ಅರ್ಧ ಬಾಗಿಲು ಮುಚ್ಚಿದ ಹಾಗೆ.

ಕ್ರೋಮ್ ನಿಲ್ಲಿಸಿದ್ದು ಯಾಕೆ, ಜಗಳ ಯಾಕೆ

ಈಗ ಆ ಮೊದಲ ಸಂದೇಶಕ್ಕೆ ಬರೋಣ. ಎಕ್ಸ್‌ಟೆನ್ಶನ್‌ಗಳು ಕೆಲಸ ಮಾಡುವ ನಿಯಮಗಳನ್ನು ಗೂಗಲ್ ಬದಲಾಯಿಸಿತು. ಹಳೆ ಮಾದರಿಯವು 2025ರ ಮಧ್ಯದ ಹೊತ್ತಿಗೆ ಮನೆಬಳಕೆಯ ಕ್ರೋಮಿನಲ್ಲಿ ನಿಂತುಹೋದವು. ಅದರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಕೂಡ ಸೇರಿತ್ತು. ಜನರಿಗೆ ಗೊಂದಲವಾದದ್ದು ಇಲ್ಲೇ, ಒಳ್ಳೆಯದನ್ನೇ ಕ್ರೋಮ್ ಯಾಕೆ ತೆಗೆಯಿತು ಅಂತ.

ಗೂಗಲ್ ಹೇಳುವುದು: ಹಳೆ ಮಾದರಿಯ ಎಕ್ಸ್‌ಟೆನ್ಶನ್ ನಿಮ್ಮ ಬ್ರೌಸರಿನಿಂದ ಹೋಗುವ ಪ್ರತಿ ವಿನಂತಿಯನ್ನೂ ನೋಡಬಲ್ಲದು, ತಿದ್ದಬಲ್ಲದು. ಒಳ್ಳೆಯವರ ಕೈಯಲ್ಲಿ ಅದು ಜಾಹೀರಾತು ತಡೆಯುತ್ತದೆ, ಕೆಟ್ಟವರ ಕೈಯಲ್ಲಿ ಬೇಹುಗಾರಿಕೆ ಮಾಡುತ್ತದೆ. ಹಾಗಾಗಿ ಅಧಿಕಾರ ಕಡಿಮೆ ಮಾಡಿದ್ದೇವೆ. ವಿರೋಧಿಸುವವರು ಹೇಳುವುದು: ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತು ತಡೆಯುವ ಸಾಧನವನ್ನು ದುರ್ಬಲ ಮಾಡಿದೆ, ಭದ್ರತೆ ಅನ್ನುವುದು ನೆಪ.

ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಗೂಗಲ್ ಹೇಳುವಷ್ಟು ಭದ್ರತೆ ಹೊಸ ನಿಯಮದಿಂದ ಬಂದಿಲ್ಲ. 2024ರ ಡಿಸೆಂಬರಿನಲ್ಲಿ ಸೈಬರ್‌ಹೇವನ್ ಅನ್ನುವ ಭದ್ರತಾ ಕಂಪನಿಯ ಎಕ್ಸ್‌ಟೆನ್ಶನ್ನನ್ನೇ ಕಳ್ಳರು ಹಿಡಿದರು. ಕ್ರೋಮ್ ಸ್ಟೋರಿನಿಂದ ಬಂದ ಹಾಗೆ ಕಾಣುವ ಒಂದು ಸುಳ್ಳು ಮೇಲ್ ಕಳಿಸಿ ಉದ್ಯೋಗಿಯಿಂದ ಅನುಮತಿ ಪಡೆದು, ಕ್ರಿಸ್‌ಮಸ್ ಹೊತ್ತಿಗೆ ಕೆಟ್ಟ ಅಪ್‌ಡೇಟ್ ಬಿಟ್ಟರು. ಅದೇ ಸಮಯದಲ್ಲಿ ಇನ್ನೂ ಹಲವು ಎಕ್ಸ್‌ಟೆನ್ಶನ್‌ಗಳಿಗೆ ಅದೇ ಗತಿಯಾಗಿದ್ದು ಗೊತ್ತಾಯಿತು. ಎಕ್ಸ್‌ಟೆನ್ಶನ್ ಹಿಂದಿನ ಮನುಷ್ಯ ಮೋಸಹೋದರೆ, ಅಥವಾ ಅದನ್ನು ಬೇರೆಯವರಿಗೆ ಮಾರಿದರೆ, ನಿಯಮ ಹೊಸದಿದ್ದರೂ ಬಳಕೆದಾರ ಸಿಕ್ಕಿಬೀಳುತ್ತಾನೆ.

ಮನೆ ಕಂಪ್ಯೂಟರಿಗೆ ಆದ ಪರಿಣಾಮ ಸರಳ. ಹಳೆಯ ತಡೆ ನಿಂತ ಮೇಲೆ ಜಾಹೀರಾತು ಜಾಸ್ತಿ ಆಯಿತು. ಜನ ಬದಲಿ ಹುಡುಕಿದರು. ಒಂದೇ ಥರದ ಹೆಸರು, ಒಂದೇ ಥರದ ಗುರುತು ಇರುವ ಹತ್ತಾರು ಆಡ್ ಬ್ಲಾಕರ್‌ಗಳಲ್ಲಿ ಯಾವುದೋ ಒಂದನ್ನು ಹಾಕಿಕೊಂಡರು. ತಡೆ ಬೇಕೇಬೇಕು ಅನ್ನುವವರಿಗೆ ಕ್ರೋಮಿನಲ್ಲಿ ಅದೇ ಲೇಖಕರ ಯುಬ್ಲಾಕ್ ಒರಿಜಿನ್ ಲೈಟ್ ಇದೆ, ಫೈರ್‌ಫಾಕ್ಸ್‌ನಲ್ಲಿ ಹಳೆಯ ಪೂರ್ಣ ಆವೃತ್ತಿಯೇ ನಡೆಯುತ್ತದೆ.

"ನೀವೇ ಒಪ್ಪಿದ್ದೀರಿ" ಅನ್ನುವ ವಾದ

ಇಂಥ ಸಾಫ್ಟ್‌ವೇರ್ ಮಾಡುವವರ ಸಮರ್ಥನೆ ಯಾವಾಗಲೂ ಒಂದೇ: ಟಿಕ್ ಕಾಣುತ್ತಿತ್ತು, ನೀವು ನೆಕ್ಸ್ಟ್ ಒತ್ತಿದಿರಿ, ಅಂದರೆ ಒಪ್ಪಿದಿರಿ. ಈ ವಾದಕ್ಕೆ ಕಾನೂನಿನಲ್ಲಿ ತೂಕ ಇದೆ, ಅದಕ್ಕೇ ಇವರು ಇಷ್ಟು ವರ್ಷ ಉಳಿದಿದ್ದಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ಮಾಲೀಕನ ಅನುಮತಿ ಇಲ್ಲದೆ ಕಂಪ್ಯೂಟರಿಗೆ ಹಾನಿಕಾರಕ ಸಾಫ್ಟ್‌ವೇರ್ ಸೇರಿಸುವುದು ತಪ್ಪು, ಪರಿಹಾರ ಕೇಳಬಹುದು. ಆದರೆ ಅನುಮತಿ ಇತ್ತು ಅಂತ ತೋರಿಸಿಬಿಟ್ಟರೆ ಕೇಸು ಅಲ್ಲೇ ಸಡಿಲಾಗುತ್ತದೆ.

ಈ ಸಡಿಲು ನಿಧಾನವಾಗಿ ಬಿಗಿಯಾಗುತ್ತಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕನ ಕಣ್ಣು ತಪ್ಪಿಸಿ ಒಪ್ಪಿಗೆ ಪಡೆಯುವ 13 ರೀತಿಗಳನ್ನು ಅದು ಪಟ್ಟಿ ಮಾಡಿದೆ. ಒಂದು ಗುಂಡಿಯನ್ನು ಹೊಳೆಯುವಂತೆ ಮಾಡಿ ಇನ್ನೊಂದನ್ನು ಮಸುಕು ಮಾಡುವುದು ಅದರಲ್ಲಿದೆ. ವೈರಸ್ ಇದೆ ಅಂತ ಹೆದರಿಸಿ ಸುಳ್ಳು ಕ್ಲೀನರ್ ಮಾರುವುದೂ ಇದೆ. ಅಂದರೆ ಆ ಹಸಿರು ಗುಂಡಿಯ ಆಟ ಸರ್ಕಾರದ ಕಾಗದದ ಮೇಲೇ ತಪ್ಪು ಎಂದಾಗಿದೆ. ಇದರ ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಅನ್ನುವುದು ಸ್ಪಷ್ಟವಾಗಿ, ತಿಳಿದು, ತಾನಾಗಿ ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ.

ಕಷ್ಟ ಇರುವುದು ಬೇರೆ ಕಡೆ. ಈ ಸಾಫ್ಟ್‌ವೇರ್ ಮಾಡುವವರಲ್ಲಿ ಬಹಳಷ್ಟು ಜನಕ್ಕೆ ಭಾರತದಲ್ಲಿ ಕಚೇರಿಯೇ ಇಲ್ಲ. ನೋಟಿಸ್ ಯಾರಿಗೆ ಕೊಡುವುದು? ಹಾಗಾಗಿ ಕಾನೂನಿನ ಒತ್ತಡ ಬೀಳಬೇಕಾದದ್ದು ಈ ಜಾಹೀರಾತುಗಳನ್ನು ತಮ್ಮ ಸರ್ಚ್‌ನ ಮೊದಲ ಸಾಲಿನಲ್ಲಿ ದುಡ್ಡು ತಗೊಂಡು ತೋರಿಸುವ ಕಂಪನಿಗಳ ಮೇಲೆ. ಅವರಿಗೆ ಇಲ್ಲಿ ಕಚೇರಿ ಇದೆ, ಆದಾಯವೂ ಇದೆ.

ಸ್ವಚ್ಛ ಮಾಡುವ ಕ್ರಮ

ಹೆಚ್ಚಿನವರು ಮೊದಲು ಹೋಮ್‌ಪೇಜ್ ಸರಿಮಾಡುತ್ತಾರೆ. ಮರುದಿನ ಅದು ಮತ್ತೆ ಬದಲಾಗಿರುತ್ತದೆ. ಬದಲಾಯಿಸುವ ಪ್ರೋಗ್ರಾಂ ಒಳಗೇ ಇದ್ದರೆ ಮೇಲೆ ಎಷ್ಟು ಸಲ ತಿದ್ದಿದರೂ ಉಪಯೋಗ ಇಲ್ಲ. ಆದ್ದರಿಂದ ಕ್ರಮ ಮುಖ್ಯ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ಪಟ್ಟಿ ತೆರೆದು, ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಒಟ್ಟಿಗೇ ಎರಡು ಮೂರು ಹೆಸರು ಸೇರಿಕೊಂಡಿದ್ದರೆ ಅವೇ ಇರಬೇಕು. ತೆಗೆಯುವಾಗಲೂ ಜಾಗ್ರತೆ, ಯಾಕೆಂದರೆ ಅಲ್ಲಿಯೂ ಗುಂಡಿಗಳ ಬಣ್ಣ ಅದಲುಬದಲು ಮಾಡಿ "ರಕ್ಷಣೆ ಇರಲಿ" ಅನ್ನುವುದನ್ನು ದೊಡ್ಡದಾಗಿ ಇಡುತ್ತಾರೆ. ಪ್ರತಿ ಕಿಟಕಿಯನ್ನೂ ಓದಿ ಒತ್ತಿ.

ಆಮೇಲೆ ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು. ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ತೆಗೆಯುವ ಗುಂಡಿಯೇ ಇಲ್ಲದಿದ್ದರೆ, ಕ್ರೋಮ್ ಮೆನುವಿನ ಕೊನೆಯಲ್ಲಿ "ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನುವ ಸಾಲು ಇದೆಯಾ ನೋಡಿ. ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ? ಆಫೀಸುಗಳಿಗೆಂದು ಇಟ್ಟ ಪಾಲಿಸಿ ಅನ್ನುವ ಸೌಲಭ್ಯವನ್ನು ಕಳ್ಳರು ಬಳಸಿಕೊಂಡಿರಬಹುದು. ಕೆಲವು ಆಂಟಿವೈರಸ್‌ಗಳಿಂದಲೂ ಆ ಸಾಲು ಬರುತ್ತದೆ, ಹಾಗಾಗಿ ನೋಡಿದ ಕೂಡಲೇ ಹೆದರಬೇಕಿಲ್ಲ. ಆಂಟಿವೈರಸ್ ಕಾರಣ ಅಲ್ಲ ಅಂತಾದರೆ ಅದನ್ನು ತೆಗೆಯಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಗೆ ಕೈಹಾಕಬೇಕು, ಅದು ಗೊತ್ತಿದ್ದವರು ಮಾಡುವ ಕೆಲಸ.

ಹೆಚ್ಚಿನವರು ನೋಡದೇ ಬಿಡುವ ಜಾಗ ಒಂದಿದೆ. ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಶಾರ್ಟ್‌ಕಟ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. "ಟಾರ್ಗೆಟ್" ಅನ್ನುವ ಸಾಲು ಸಾಮಾನ್ಯವಾಗಿ ಕ್ರೋಮ್ ಡಾಟ್ ಇಎಕ್ಸ್‌ಇ ಅನ್ನುವಲ್ಲಿಗೆ, ಉದ್ಧರಣ ಚಿಹ್ನೆಯೊಂದಿಗೆ ಮುಗಿಯುತ್ತದೆ. ಅದರ ಮುಂದೆ ಒಂದು ವೆಬ್ ವಿಳಾಸ ಅಂಟಿಕೊಂಡಿದ್ದರೆ, ಸೆಟ್ಟಿಂಗ್ ಎಲ್ಲ ಸರಿ ಇದ್ದರೂ ಪ್ರತಿ ಸಲ ಅದೇ ಪುಟ ತೆರೆಯುತ್ತದೆ. ಆ ವಿಳಾಸ ಮಾತ್ರ ಅಳಿಸಿ ಉಳಿಸಿ. ಟಾಸ್ಕ್‌ಬಾರ್ ಮೇಲಿನ ಶಾರ್ಟ್‌ಕಟ್ ಬೇರೆ, ಅದನ್ನೂ ನೋಡಿ.

ಮೂಲೆಯ ವೈರಸ್ ಎಚ್ಚರಿಕೆ ಬಹಳ ಸಲ ನೋಟಿಫಿಕೇಶನ್ ಅಷ್ಟೇ. ಅದರಲ್ಲಿ ಆಂಟಿವೈರಸ್ ಕಂಪನಿಯ ಚಿತ್ರ ಇದ್ದರೂ ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಅಂತಲೂ, ಯಾವುದೋ ಸೈಟಿನ ಹೆಸರೂ ಇರುತ್ತದೆ. ಎಂದೋ ಒಂದು ಸೈಟಿನಲ್ಲಿ "ಅಲೋ" ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ ಆ ಹೆಸರುಗಳನ್ನು ತೆಗೆದರೆ ಮುಗಿಯಿತು. ನಾವು ಹೋಗದೇ ಇರುವ ಸೈಟುಗಳ ಈ ಅನುಮತಿಯನ್ನು ಕ್ರೋಮ್ ತಾನೇ ಹಿಂಪಡೆಯುವ ಸೌಲಭ್ಯವನ್ನು ಗೂಗಲ್ 2025ರ ಅಕ್ಟೋಬರಿನಲ್ಲಿ ಘೋಷಿಸಿದೆ. ಒಳ್ಳೆಯ ಹೆಜ್ಜೆ, ತಡವಾಗಿ ಬಂದದ್ದು.

ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿರುವ ರೀಸೆಟ್. ಇದರಿಂದ ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಶನ್‌ಗಳು ನಿಲ್ಲುತ್ತವೆ, ಸರ್ಚ್ ಮತ್ತು ಮೊದಲ ಪುಟ ಮೂಲ ಸ್ಥಿತಿಗೆ ಬರುತ್ತವೆ. ನಂತರ ವಿಂಡೋಸ್ ಸೆಕ್ಯೂರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯುಕ್ಲೀನರ್ ಉಚಿತ, ಈ ಕಸಕ್ಕೆಂದೇ ಮಾಡಿದ್ದು, ಅವರದೇ ಸೈಟಿನಿಂದ ಮಾತ್ರ ಇಳಿಸಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥ ಉಚಿತ ಸಾಧನಗಳನ್ನು ಕೊಡುತ್ತಿದೆ. ವಿಂಡೋಸ್ ಸೆಕ್ಯೂರಿಟಿಯ ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ಬೇಡದ ಆಪ್ ತಡೆಯುವ ಆಯ್ಕೆ ಆನ್ ಇದೆಯಾ ನೋಡಿಕೊಳ್ಳಿ.

ಹಾಗಾದರೆ ಫಾರ್ಮ್ಯಾಟ್ ಬೇಡವೇ?

ಅಂಗಡಿಯವರ ಕಡೆಯಿಂದಲೂ ನೋಡಬೇಕು. ಮೇಲೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಲು ಸಮಯ ಹಿಡಿಯುತ್ತದೆ, ಏನಾದರೂ ಉಳಿದರೆ ಗ್ರಾಹಕ ಮರುದಿನ ಜಗಳಕ್ಕೆ ಬರುತ್ತಾರೆ. ಫಾರ್ಮ್ಯಾಟ್ ಮಾಡಿದರೆ ಖಾತ್ರಿ, ರೇಟೂ ಮೊದಲೇ ಹೇಳಬಹುದು. ಅವರ ಲೆಕ್ಕ ಅವರಿಗೆ ಸರಿ.

ನಷ್ಟ ಬೀಳುವುದು ಮನೆಯವರ ಮೇಲೆ. ಬನಹಟ್ಟಿಯ ಸೀರೆ ವ್ಯಾಪಾರಿಯ ಟ್ಯಾಲಿ ಲೆಕ್ಕ, ಮದುವೆ ಫೋಟೋ, ಮಕ್ಕಳ ಪ್ರಾಜೆಕ್ಟ್, ಬ್ಯಾಕಪ್ ಇಲ್ಲದಿದ್ದರೆ ಎಲ್ಲ ಹೋಯಿತು. ಅದಕ್ಕಿಂತ ಗಂಭೀರವಾದದ್ದು ಆಮೇಲೆ ಹಾಕುವ ವಿಂಡೋಸ್. ಅದು ಲೈಸೆನ್ಸ್ ಇಲ್ಲದ್ದಾದರೆ ಆಕ್ಟಿವೇಟ್ ಮಾಡಲು ಯಾವುದೋ ಕ್ರ್ಯಾಕ್ ಬೇಕು, ಕ್ರ್ಯಾಕ್ ನಡೆಯಲು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡಬೇಕು. ಕಸ ತೆಗೆಯಲು ಹೋದ ಕಂಪ್ಯೂಟರ್ ಕಾವಲಿಲ್ಲದೆ ಮನೆಗೆ ಬರುತ್ತದೆ. ಲ್ಯಾಪ್‌ಟಾಪ್ ಜೊತೆಗೇ ವಿಂಡೋಸ್ ಬಂದಿದ್ದರೆ ಅದರ ಲೈಸೆನ್ಸ್ ಯಂತ್ರದಲ್ಲೇ ಇರುತ್ತದೆ, ಅಸಲಿ ವಿಂಡೋಸ್ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಅದನ್ನೇ ಹಾಕಿ ಅಂತ ಹೇಳುವುದು ಗ್ರಾಹಕರ ಹಕ್ಕು.

ಫಾರ್ಮ್ಯಾಟ್ ಬೇಕಾಗುವ ಸಂದರ್ಭಗಳೂ ಇವೆ. ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಸಿಕ್ಕಿದ್ದರೆ, ಅಥವಾ ಗೊತ್ತಿಲ್ಲದ ಯಾರೋ ದೂರದಿಂದ ಕಂಪ್ಯೂಟರ್ ಒಳಗೆ ಬಂದಿದ್ದರೆ, ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದುಕೊಂಡು ಹೊಸದಾಗಿ ಹಾಕುವುದೇ ಸರಿ. ಬರೀ ಸರ್ಚ್ ಬದಲಾದದ್ದಕ್ಕೆ ಫಾರ್ಮ್ಯಾಟ್ ಬೇಡ.

ಇನ್ನು ವಿಂಡೋಸ್ 10. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ದುಡ್ಡಿಲ್ಲದೆ ಪಡೆಯುವ ದಾರಿಯನ್ನು ಕಂಪನಿ ಕೊಟ್ಟಿದೆ. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ರೌಸರ್ ಎಷ್ಟು ಸ್ವಚ್ಛ ಮಾಡಿದರೂ ಕೆಳಗಿನ ತೂತು ಹಾಗೇ ಇರುತ್ತದೆ.

ಸುಮ್ನೆ ಬಿಟ್ಟರೆ ಏನಾಗುತ್ತದೆ

ಸರ್ಚ್ ಬದಲಾದದ್ದು ಕಿರಿಕಿರಿ ಅಷ್ಟೇ, ಕೆಲಸ ನಡೆಯುತ್ತದಲ್ಲ ಅಂತ ಬಿಡುವವರು ಜಾಸ್ತಿ. ಆದರೆ ಅದೇ ಬದಲಾದ ಸರ್ಚ್‌ನಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ? ಮೊದಲು ಬರುವುದು ದುಡ್ಡು ಕೊಟ್ಟವರ ನಂಬರ್. ಪರದೆ ತುಂಬ ಎಚ್ಚರಿಕೆ ತೋರಿಸಿ "ಈ ನಂಬರಿಗೆ ಕರೆ ಮಾಡಿ" ಅನ್ನುವ ಪುಟಗಳೂ ಇಂಥ ಜಾಹೀರಾತಿನಿಂದಲೇ ತೆರೆಯುತ್ತವೆ. ಕರೆ ಮಾಡಿದರೆ ಆ ಕಡೆಯವರು ಒಂದು ರಿಮೋಟ್ ಆಪ್ ಹಾಕಿಸುತ್ತಾರೆ, ಅಲ್ಲಿಂದ ಬ್ಯಾಂಕ್ ಖಾತೆಗೆ ದೂರ ಇಲ್ಲ.

ಈ ಕೆಲಸ ಎಲ್ಲೋ ದೂರದಲ್ಲಿ ನಡೆಯುತ್ತದೆ ಅಂದುಕೊಳ್ಳಬೇಕಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಪೊಲೀಸರು ನಗರದಲ್ಲೇ ನಡೆಯುತ್ತಿದ್ದ ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 30ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅವರು ಬಲೆ ಬೀಸುತ್ತಿದ್ದದ್ದು ಅಮೆರಿಕದವರಿಗೆ.

ಪರದೆ ತುಂಬಿದ ಎಚ್ಚರಿಕೆ ಬಂದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಪೂರ್ಣ ಪರದೆ ಬಿಡುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆ ಪುಟಗಳನ್ನು ತರಬೇಕೇ ಅಂತ ಕೇಳಿದರೆ ಬೇಡ ಅನ್ನಿ. ರಿಮೋಟ್ ಆಪ್ ಹಾಕಿಸಿಕೊಂಡಾಗಿದ್ದರೆ ಮೊದಲು ಇಂಟರ್ನೆಟ್ ತೆಗೆಯಿರಿ, ಆಮೇಲೆ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಿ, ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರುವ ಉಳಿದ ಸಾಧನಗಳಿಂದ ಹೊರಬನ್ನಿ. ಕುಕೀ ಕದ್ದವನಿಗೆ ಪಾಸ್‌ವರ್ಡ್ ಬೇಕಾಗುವುದಿಲ್ಲ, ಅದಕ್ಕೇ ಸಾಧನಗಳಿಂದ ಹೊರಬರುವ ಈ ಕೆಲಸವನ್ನು ಬಿಡಬಾರದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಸುಳ್ಳು ಕ್ಲೀನರಿಗೆ ದುಡ್ಡು ಕಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ಕೊಡಬಹುದು, ಕೊಡುವಾಗ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ ಹೆಸರು ಹೇಳಿ, ಆ ಕಿಟಕಿಯ ಫೋಟೋ ಇದ್ದರೆ ಜೊತೆಗೆ ಕಳಿಸಿ.